ಭಾನುವಾರ ಮಾತ್ರ ಹಾಡುತ್ತಿದ್ದವನು

ಗಂಡಸರು ಸಂಜೆ ಬೇರಿನ ರಸ ಕುಡಿಯಲು ಸೇರುವ ಕಾವಾ ಮನೆಯ ಮೆಟ್ಟಿಲ ಮೇಲೆ ಸೆಮಿಸಿ ಕೂತಲ್ಲೇ ಸತ್ತಿದ್ದ. ಕೈಗಳು ಮೊಣಕಾಲ ಮೇಲಿದ್ದವು, ಬಾಯಿ ತೆರೆದಿತ್ತು. ಬುಧವಾರ ಬೆಳಿಗ್ಗೆ ಮೀನು ಮಾರಲು ಹೊರಟವಳು ನೋಡಿ ಕೂಗಿಕೊಂಡಳು. ನಾನು ಹೋಗುವಷ್ಟರಲ್ಲಿ ಊರೇ ಕೊಲೆಗಾರನನ್ನು ಹಿಡಿದಾಗಿತ್ತು.

"ಫೆಟುನೇ ಕಾವಾ ಕಲಸಿದ್ದು, ಸಾರ್ಜೆಂಟ್ ಲುಪೆ. ನಿನ್ನೆ ಸಂಜೆ ಇಬ್ಬರಿಗೂ ಜಗಳ ಬೇರೆ ಆಗಿತ್ತು."

ಫೆಟು ಸತ್ತವನ ಭಾವಮೈದುನ. ಇಬ್ಬರೂ ನಮ್ಮ ದ್ವೀಪದ ನೆಯಾಫು ಬಂದರಿನಲ್ಲಿ, ಹವಿಲಿ ಎಂಬಾತನ ಶೆಡ್ಡಿನಲ್ಲಿ ದೋಣಿಗಳಿಗೆ ಬಣ್ಣ ಹೊಡೆಯುವವರು. ಜನ ಕೈ ಮಾಡುವ ಮೊದಲು ಅವನನ್ನು ಲಾಕಪ್ಪಿಗೆ ಹಾಕಿದೆ. ಅದೇ ಬೋಗುಣಿಯ ಕಾವಾ ಕುಡಿದ ಮಿಕ್ಕವರೆಲ್ಲ ಗುಂಡುಕಲ್ಲಿನ ಹಾಗಿದ್ದರು. ಆದರೆ ಊರ ಬಾಯಿಗೆ ಬೀಗ ಹಾಕುವವರು ಯಾರು?

* * *

"ವಿಷ ಇಲ್ಲ," ಅಂದರು ಡಾಕ್ಟರ್. "ದಮ್ಮು. ಶ್ವಾಸನಾಳ ಪೂರ್ತಿ ಕಟ್ಟಿಹೋಗಿದೆ."

ಸೆಮಿಸಿಯ ಹೆಂಡತಿ ಅನಸೇನಿ ನಮ್ಮಲ್ಲಿ ಸೂತಕದವರು ಸೊಂಟಕ್ಕೆ ಸುತ್ತಿಕೊಳ್ಳುವ ಚಾಪೆಯ ಅಂಚು ಕೀಳುತ್ತ ಕೂತಿದ್ದಳು.

"ಶೆಡ್ಡಿಗೆ ಸೇರಿದ ಮೇಲೇ ಶುರುವಾಗಿದ್ದು ಅಕ್ಕಾ. ಅದೂ ಸಂಜೆ, ಮನೆಗೆ ಬಂದ್ಮೇಲೆ. ಭಾನುವಾರ ಚರ್ಚಲ್ಲಿ ಎಷ್ಟು ಚೆನ್ನಾಗಿ ಹಾಡ್ತಿದ್ದ! ಜನವರಿಯ ಪ್ರಾರ್ಥನಾ ವಾರದಲ್ಲಂತೂ ಒಂದು ಕೆಮ್ಮೂ ಇಲ್ಲ. ದೇವರೇ ಉಸಿರು ಕೊಡ್ತಾನೆ ಅಂದ್ಕೊಂಡಿದ್ವಿ."

* * *

ಊರಿನ ಸಿಟ್ಟು ತಣಿಯಲೆಂದು ಫೆಟುವನ್ನು ಒಳಗೇ ಇಟ್ಟಿದ್ದೆ. ಲಾಕಪ್ಪಿನಲ್ಲಿ ಅವನು ಮೊದಮೊದಲು ಕೆಮ್ಮಿ ಕೆಮ್ಮಿ ಪೇದೆಯ ನಿದ್ದೆ ಕೆಡಿಸಿದ. ಶನಿವಾರ ಗೆಣಸು ತಿನ್ನುತ್ತ ಮೆಲ್ಲಗೆ ಹಾಡಿಕೊಳ್ಳುತ್ತಿದ್ದ.

"ಕೆಮ್ಮು ಎಲ್ಲಿ ಹೋಯ್ತೋ?"

"ನಿಮ್ಮ ಜೈಲೂಟ ಒಗ್ಗಿದೆ, ಸಾರ್ಜೆಂಟ್."

ಲಾಕಪ್ಪಿನ ಗಾಳಿಗೆ ಗುಣವಾದವನನ್ನು ನಾನು ಕಂಡೇ ಇರಲಿಲ್ಲ. ಅಲ್ಲಿ ಇಲ್ಲದ್ದು ಶೆಡ್ಡಿನ ಬಣ್ಣ. ಭಾನುವಾರವೂ ಪ್ರಾರ್ಥನಾ ವಾರದಲ್ಲೂ ಶೆಡ್ಡು ಮುಚ್ಚಿರುತ್ತದೆ.

"ಜಗಳ ಯಾಕಾಯ್ತು?"

"ಆ ಕೆಲಸ ಬಿಡು ಭಾವ ಅಂದೆ. ಕೇಳಲಿಲ್ಲ." ಅವನು ಗೆಣಸು ಪಕ್ಕಕ್ಕಿಟ್ಟ. "ಇನ್ಮೇಲೆ ಅವನ ಕೆಲಸವೂ ನನ್ನ ಪಾಲಿಗೆ."

* * *

ಶೆಡ್ಡಿನ ಯಜಮಾನ ಹವಿಲಿ, ಚರ್ಚಿನಲ್ಲಿ ಹಾಡಿನ ಮೇಷ್ಟ್ರು ಕೂಡ. ಭಾನುವಾರ ಪೂಜೆ ಮುಗಿದ ಮೇಲೆ, ಹಾಡುಗಾರರ ಎದುರೇ ಸೆಮಿಸಿಯ ದಮ್ಮಿನ ಬಗ್ಗೆ ಕೇಳಿದೆ.

"ನನಗೇನು ಗೊತ್ತು, ಮಗಳೇ? ಶೆಡ್ಡಲ್ಲಿ ಅವನು ಕೆಮ್ಮಿದ್ದೇ ಇಲ್ಲ."

"ಎರಡು ಡಬ್ಬಿ ಬೆರೆಸಿ ಹೊಡೆಯೋ ಆ ಬಣ್ಣ ಕೆಲವರಿಗೆ ಸಂಜೆ ಹೊತ್ತಿಗೆ ಎದೆ ಹಿಡಿಯತ್ತಂತೆ, ಡಾಕ್ಟರ್ ಹೇಳಿದ್ರು. ಇರ್ಲಿ. ಹಾಡಿನ ತಾಲೀಮು ನಮ್ಮಜ್ಜನ ಕಾಲದಿಂದ ಬುಧವಾರ ಸಂಜೆ. ಹೋದ ವರ್ಷ ಭಾನುವಾರಕ್ಕೆ ಯಾಕೆ ಬದಲಾಯಿಸಿದ್ರಿ?"

ಹವಿಲಿ ಹಾಡಿನ ಪುಸ್ತಕ ಮುಚ್ಚಿದ. ಹಿಂದಿನ ಸಾಲಿನ ಮುದುಕನೊಬ್ಬ ಅಂದ: "ಕೆಲಸದ ದಿನ ಸೆಮಿಸಿಗೆ ಉಸಿರು ಸಾಲಲ್ಲ, ರಜಾ ದಿನ ಸರಿಹೋಗ್ತಾನೆ ಅಂತ ನೀವೇ ಅಂದ್ರಲ್ಲ, ಮೇಷ್ಟ್ರೇ."

"ಎಲ್ಲರಿಗಿಂತ ಮೊದಲು ರೋಗ ಕಂಡುಹಿಡಿದವರು ನೀವು," ಅಂದೆ. "ಹಾಡು ಉಳಿಸ್ಕೊಂಡ್ರಿ, ಹಾಡೋನನ್ನ ಕಳ್ಕೊಂಡ್ರಿ. ಬಣ್ಣ ಶುರುವಾದ್ರೆ ನೀವು ಮಾತ್ರ ಹೊರಗೆ ದೋಣಿಕಟ್ಟೆಗೆ ಹೋಗಿ ನಿಲ್ತಿದ್ರಂತೆ. ಕೊಳವೆಯಲ್ಲಿ ಒಳ್ಳೆ ಗಾಳಿ ಕೊಡೋ ಮುಖವಾಡ ಶೆಡ್ಡಿನ ನಿಮ್ಮ ಬೀರುವಿನಲ್ಲಿ ಪ್ಲಾಸ್ಟಿಕ್ಕೂ ಬಿಚ್ಚದೆ ಬಿದ್ದಿದೆ, ನಾನೇ ನೋಡಿದೆ."

"ಅದು ಹಾಕ್ಕೊಂಡ್ರೆ ಕೆಲಸ ನಿಧಾನ." ಹವಿಲಿ ಬೆಂಚಿನ ಮೇಲೆ ಕುಸಿದ. "ಅವನಷ್ಟು ನುಣ್ಣಗೆ ಹೊಡೆಯೋರು ಇನ್ನೊಬ್ಬರಿರಲಿಲ್ಲ."

ನನಗೂ ಸ್ವರ ಕಲಿಸಿದ ಮೇಷ್ಟ್ರು ಅವರು. ಕೈ ಹಿಡಿದು ಜೀಪು ಹತ್ತಿಸುವಾಗ ಸಿಟ್ಟಿಗಿಂತ ಸಂಕಟವೇ ಹೆಚ್ಚಾಯಿತು.

* * *

ಸೋಮವಾರ ಲಾಕಪ್ಪಿನ ಬಾಗಿಲು ತೆಗೆದೆ. ಹೊರಗೆ ಅನಸೇನಿ ಕಾಯುತ್ತಿದ್ದಳು.

"ಇವತ್ತು ಬಣ್ಣಕ್ಕೆ ಯಾರು ಹೋದ್ರು?" ಫೆಟು ಕೇಳಿದ.

"ಯಾರೂ ಇಲ್ಲ. ಶೆಡ್ಡಿನ ಬೀಗದ ಕೈ ನನ್ನ ಹತ್ರ ಇದೆ," ಅಂದೆ.

ಅವನು ಎದೆ ತುಂಬ ಉಸಿರೆಳೆದುಕೊಂಡ. ಆಮೇಲೆ ಅತ್ತ.

"ಬುಧವಾರ ಸಂಜೆ ತಾಲೀಮಿಗೆ ಬಾ," ಅಂದೆ. "ನಿನ್ನ ಭಾವನ ಜಾಗ ಖಾಲಿ ಇದೆ."