ಷ್ರೂಸ್‌ಬರಿ ಗೆದ್ದರೆ...

“ಮಾನ ಮರ್ಯಾದೆ ಒಂದೂ ಇಲ್ಲದ ಮನುಷ್ಯ!”

ತನುಶ್ರೀ ಹಲ್ಲು ಕಚ್ಚಿಕೊಂಡು ಕನ್ನಡದಲ್ಲಿ ಗೊಣಗಿದಳು. ಇಂಗ್ಲಿಷಿನಲ್ಲಿ ಬೈಯಬೇಕಾದಷ್ಟನ್ನು ಆಗಲೇ ಬೈದು ಮುಗಿಸಿದ್ದಳು. ಅಮೆರಿಕದ ಪ್ಲೇನ್ಸ್‌ಬರೋದ ಆ ಅಪಾರ್ಟ್‌ಮೆಂಟಿನ ಎಲ್ಲರೂ ಬಳಸುವ ಲಾಂಡ್ರಿ ರೂಮಿನಲ್ಲಿ ಅವಳ ಒದ್ದೆ ಬಟ್ಟೆಗಳನ್ನೆಲ್ಲ ಮಷೀನಿನಿಂದ ತೆಗೆದು, ಮೇಜಿನ ಮೇಲೆ ಗುಡ್ಡೆ ಹಾಕಿ, ತನ್ನ ಬಟ್ಟೆ ತುಂಬಿಸುತ್ತಿದ್ದವನನ್ನು ಇನ್ನೇನೆಂದು ಕರೆಯಬೇಕಿತ್ತು?

ಅವನು ನಿಧಾನವಾಗಿ ತಿರುಗಿದ. ಕೊರಳಲ್ಲಿ ನೀಲಿ-ಹಳದಿ ಪಟ್ಟೆಯ ಮಫ್ಲರ್.

“ಮಾನ, ಮರ್ಯಾದಿ ಎರಡೂ ಅದಾವ್ರೀ. ಇಲ್ಲದ್ದು ಖಾಲಿ ಮಷೀನ್ ಒಂದ.”

ಅಯ್ಯೋ ದೇವರೇ... ಕನ್ನಡದವನು!

ಅವಳ ಮುಖ ಕಿವಿಯವರೆಗೆ ಕೆಂಪಾಯಿತು. ಬಟ್ಟೆಗಳನ್ನು ಬಾಚಿ ಬುಟ್ಟಿಗೆ ತುರುಕಿಕೊಂಡು ಹಿಂದೆ ನೋಡದೆ ಓಡಿದಳು. ಒಂದು ಕಾಲುಚೀಲ ಅಲ್ಲೇ ಬಿದ್ದಿತು. ಅದನ್ನು ಕೊಡುವ ನೆಪದಲ್ಲಿ ಮುಂದಿನ ಭಾನುವಾರ ಅವನು ಅದೇ ಹೊತ್ತಿಗೆ ಅಲ್ಲಿದ್ದ. ಅದರ ಮುಂದಿನ ಭಾನುವಾರ ಯಾವ ನೆಪವೂ ಇರಲಿಲ್ಲ. ಆದರೂ ಇಬ್ಬರೂ ಇದ್ದರು.

ಅದು 2002ರ ಅಕ್ಟೋಬರ್. ತನುಶ್ರೀ ಕೆ.ಆರ್. ನಗರದ ಹುಡುಗಿ. ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಅಕ್ಕ ಸುಧಾಮಣಿ ಮೊದಲನೆಯವಳು, ಇವಳು ಎರಡನೆಯವಳು. ನಾಲ್ಕು ತಿಂಗಳ ಹಿಂದಷ್ಟೇ ಎಚ್-ಒನ್ ಎಂಬ ಕೆಲಸದ ವೀಸಾದಲ್ಲಿ ಬಂದು ಅಕ್ಕ-ಭಾವನ ಜೊತೆಗಿದ್ದಳು. ಅವನ ಹೆಸರು ಅಮರೇಶ್ವರ. ಲಿಂಗಸೂಗೂರಿನವನು. ಅಮೆರಿಕಕ್ಕೆ ಬರುವ ಮೊದಲು ಒಂದೂವರೆ ವರ್ಷ ಇಂಗ್ಲೆಂಡಿನ ಷ್ರೂಸ್‌ಬರಿ ಎಂಬ ಪುಟ್ಟ ಊರಿನಲ್ಲಿ ಕೆಲಸ ಮಾಡಿದ್ದ.

“ಅಲ್ಲೆ ಮಾತಾಡಾಕ ಒಬ್ರೂ ಇರ್ಲಿಲ್ರಿ. ಮನಿ ಮಾಲಕಿ ಅಜ್ಜಿ ಒಂದಿನ ಫುಟ್‌ಬಾಲ್ ನೋಡಾಕ ಕರ್ಕೊಂಡು ಹೋದ್ಲು. ಮೈದಾನ ನದಿ ದಂಡಿಗೇ ಐತಿ. ಚೆಂಡು ನೀರಿಗೆ ಬಿದ್ರ, ಹಿಂದಕ ಒಬ್ಬಾಂವ ಹರಿಗೋಲಿನಾಗ ಹೋಗಿ ತರ್ತಿದ್ನಂತ! ನಮ್ಮ ಕೃಷ್ಣಾ ನದ್ಯಾಗ ಹಾಕ್ತಾರಲ್ಲ, ಅಂಥಾದ್ದ ಹರಿಗೋಲು. ಅವತ್ತಿಂದ ಅದು ನಮ್ಮೂರ ಟೀಮು.”

“ಗೆಲ್ಲುತ್ತಾ?”

“ಎಲ್ಲೀದ್ರೀ! ಸೋಲೋದ ಹೆಚ್ಚು.”

ಸೋಲುವ ತಂಡವನ್ನು ಇಷ್ಟು ಪ್ರೀತಿಸುವವನು ಮನುಷ್ಯರನ್ನು ಎಷ್ಟು ಪ್ರೀತಿಸಬಹುದು ಎಂದು ಅವಳಿಗನ್ನಿಸಿತು. ಅಷ್ಟನ್ನಿಸಿದರೆ ಮುಗಿಯಿತಲ್ಲ! ಹುಡುಗಿಯರ ಮನಸ್ಸು ಕೆಡಲು ಇನ್ನೆಷ್ಟು ಬೇಕು?

ಡಿಸೆಂಬರಿನಲ್ಲಿ ಎಲ್ಲವೂ ಒಟ್ಟಿಗೆ ತಲೆಯ ಮೇಲೆ ಬಿತ್ತು.

ಡಾಟ್‌ಕಾಮ್ ಭರಾಟೆಯಲ್ಲಿ ಕರೆದು ಕರೆದು ಕೆಲಸ ಕೊಟ್ಟಿದ್ದವರು ಈಗ ಒಬ್ಬೊಬ್ಬರನ್ನೇ ಮನೆಗೆ ಕಳಿಸುತ್ತಿದ್ದರು. ಅಮರೇಶನ ಪ್ರಾಜೆಕ್ಟ್ ನಿಂತಿತು. ಒಂದು ತಿಂಗಳೊಳಗೆ ಹೊಸದು ಸಿಗದಿದ್ದರೆ ಊರಿಗೆ ವಾಪಸ್ ಎಂದು ಕಂಪನಿಯವರು ಹೇಳಿದರು. ಅದೇ ವಾರ ಅಕ್ಕ ಒಂದು ಸಂಬಂಧ ತಂದಳು. ಹುಡುಗ ಪ್ರೀತಮ್, ಕ್ವೀನ್ಸ್‌ನಲ್ಲಿ ಡಾಕ್ಟರ್. ನಮ್ಮ ಕಡೆಯವರು, ಒಳ್ಳೆಯ ಜನ, ಗ್ರೀನ್ ಕಾರ್ಡ್ ಬೇರೆ.

“ಜನವರಿ ನಾಲ್ಕಕ್ಕೆ ಫ್ಲಶಿಂಗ್ ಗಣಪತಿ ದೇವಸ್ಥಾನದಲ್ಲಿ ಪೂಜೆ ಮುಗಿಸಿಕೊಂಡು ಮಧ್ಯಾಹ್ನ ಒಂದು ಗಂಟೆಗೆ ಬರ್ತಾರೆ ಕಣೇ. ಅಷ್ಟರೊಳಗೆ ಹೂಂ ಅಥವಾ ಊಹೂಂ, ಎರಡರಲ್ಲಿ ಒಂದು ಹೇಳಿಬಿಡು. ಬಂದವರ ಮುಂದೆ ಮುಖ ತಿರುಗಿಸಬೇಡ.”

ಹೊಸ ವರ್ಷದ ದಿನ ಪಾರ್ಕಿಂಗ್ ಲಾಟಿನಲ್ಲಿ ಅವಳು ಅಮರೇಶನಿಗೆ ಎಲ್ಲವನ್ನೂ ಹೇಳಿದಳು. ಕೊನೆಗೆ ಧೈರ್ಯ ಮಾಡಿ ಕೇಳಿದಳು. “ನಾನು ಅಕ್ಕನಿಗೆ ಏನು ಹೇಳಲಿ?”

ಅವನು ಕಾರಿನ ಗಾಜಿನ ಮೇಲಿನ ಮಂಜನ್ನು ಉಗುರಿನಿಂದ ಕೆರೆದ. ಆಮೇಲೆ ನಕ್ಕ. ಆ ನಗು ಅವನದಲ್ಲ ಎಂದು ಅವಳಿಗೆ ಆಗಲೇ ಅನ್ನಿಸಿತ್ತು.

“ನಮ್ಮವ್ವ ಏನಿದ್ರೂ ದೇವರ ಹೂವು ಕೇಳ್ತಾಳ್ರಿ. ಬಲಕ್ಕ ಬಿದ್ರ ಹೌದು, ಎಡಕ್ಕ ಬಿದ್ರ ಬ್ಯಾಡ. ಇಲ್ಲಿ ನನಗ ಯಾವ ದೇವ್ರು ಹೂವು ಕೊಡ್ತಾನ? ಶನಿವಾರ ನಮ್ಮ ಷ್ರೂಸ್‌ಬರಿ, ಎವರ್ಟನ್ ಮ್ಯಾಚ್ ಐತಿ. ಇಂಗ್ಲೆಂಡಿನ ದೊಡ್ಡ ಕಪ್ ಟೂರ್ನಿ. ಮುಕ್ಕಾಲು ತಾಸಿನ ಹಾದ್ಯಾಗಿನ ಕಾರ್ನಿ ಊರಿನ ಪಬ್ಬಿಗೆ ಹೋಗಿ ನೋಡ್ತೀನಿ. ಷ್ರೂಸ್‌ಬರಿ ಗೆದ್ರ... ನಾನ ಬಂದು ನಿಮ್ಮಕ್ಕನ್ನ ಕೇಳ್ತೀನಿ.”

ಅವಳ ಎದೆ ಹಕ್ಕಿಯಾಯಿತು! ಅರ್ಧ ಒಪ್ಪಿದಂತೆಯೇ ಅಲ್ಲವೇ?

ಶುಕ್ರವಾರ ಆಫೀಸಿನಲ್ಲಿ ಫುಟ್‌ಬಾಲ್ ಹುಚ್ಚಿನ ಶ್ಯಾಮ್‌ನನ್ನು ಸುಮ್ಮನೆ ವಿಚಾರಿಸಿದಳು. ಅವನು ಕಾಫಿ ಚೆಲ್ಲುವಷ್ಟು ನಕ್ಕ.

“ಷ್ರೂಸ್‌ಬರಿ? ಎವರ್ಟನ್‌ಗಿಂತ ಎಂಬತ್ತು ಸ್ಥಾನ ಕೆಳಗಿದಾರೆ ತನು! ನೋ ಚಾನ್ಸ್. ಸಮ ಮಾಡ್ಕೊಂಡ್ರೆ ಇನ್ನೊಂದು ಸಲ ಆಡಿಸ್ತಾರೆ, ಅದೇ ಅವರ ಪುಣ್ಯ.”

ಅವಳು ತನ್ನ ಸೀಟಿಗೆ ವಾಪಸ್ ಬಂದು ಕೂತಳು.

ಗೆಲ್ಲುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ. ಬೇಡ ಅನ್ನೋಕೆ ಇಷ್ಟು ದೊಡ್ಡ ಸುತ್ತು ಯಾಕೆ ಬೇಕಿತ್ತು ಅಮರೇಶ್? ನೇರವಾಗಿ ಹೇಳಿದ್ದರೆ ನಾನೇನು ಸಾಯುತ್ತಿದ್ದೆನೇ?

ಶನಿವಾರ ಬೆಳಗಾಯಿತು. ಅಡುಗೆಮನೆಯಲ್ಲಿ ಅಕ್ಕ ಕೇಸರಿಬಾತಿಗೆ ರವೆ ಹುರಿಯುತ್ತಿದ್ದಳು. ಭಾವ ಚೆಲುವರಾಜು ಮನೆಯಲ್ಲಿದ್ದ ಒಂದೇ ಸೆಲ್ ಫೋನನ್ನು ಜೇಬಿಗಿಳಿಸಿಕೊಂಡು ಹೂವು, ಹಣ್ಣು ತರಲು ಪಕ್ಕದೂರು ಎಡಿಸನ್‌ಗೆ ಹೋಗಿದ್ದರು. ತನುಶ್ರೀ ಇನ್ನೂ ಕ್ರೆಡಿಟ್ ಹಿಸ್ಟರಿ, ಅಂದರೆ ಸಾಲ ತೀರಿಸಿದ ದಾಖಲೆ, ಇಲ್ಲದ ಹೊಸಬಳು. ಅವಳಿಗೆ ಯಾವ ಕಂಪನಿಯೂ ಸೆಲ್ ಫೋನ್ ಕೊಟ್ಟಿರಲಿಲ್ಲ.

ನೋಡುವುದಿಲ್ಲ ಎಂದು ರಾತ್ರಿಯೇ ಶಪಥ ಮಾಡಿದ್ದಳು. ಹತ್ತು ಗಂಟೆಗೆ ಸರಿಯಾಗಿ ಹಾಲ್‌ನ ಮೂಲೆಯ ಕಂಪ್ಯೂಟರ್ ಮುಂದೆ ಕೂತಿದ್ದಳು! ಫೋನ್ ಲೈನಿನ ವಯರು ಕಂಪ್ಯೂಟರಿಗೆ ಸೇರಿತು, ಮೋಡೆಮ್ ಕಿರುಚಿ ಸುಮ್ಮನಾಯಿತು. ಪರದೆಯಲ್ಲಿ ಚಿತ್ರವಿಲ್ಲ, ದನಿಯಿಲ್ಲ. ಎರಡು ಊರಿನ ಹೆಸರು, ಎರಡು ಸೊನ್ನೆ.

ರಿಫ್ರೆಶ್. ಸೊನ್ನೆ. ರಿಫ್ರೆಶ್. ಸೊನ್ನೆ.

“ತನು, ಸೀರೆ ಉಟ್ಕೊಳ್ಳೇ!”

“ಐದು ನಿಮಿಷ ಅಕ್ಕಾ...”

ಮೂವತ್ತೆಂಟನೇ ನಿಮಿಷ. ಪುಟ ತೆರೆಯಲು ಜೀವ ತಿನ್ನುತ್ತಿತ್ತು. ತೆರೆದಾಗ ಷ್ರೂಸ್‌ಬರಿಯ ಮುಂದೆ ಒಂದು ಅಂತಿತ್ತು!

ಅವಳು ಕಣ್ಣುಜ್ಜಿಕೊಂಡಳು. ಫ್ರೀ ಕಿಕ್, ಗೋಲು, ಒಂದು-ಸೊನ್ನೆ. ಅವಳಿಗೆ ಫ್ರೀ ಕಿಕ್ ಎಂದರೆ ಏನೆಂದೇ ಗೊತ್ತಿರಲಿಲ್ಲ. ಆದರೂ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅಡುಗೆಮನೆಯ ತುಪ್ಪದ ಘಮ, ಒಂದು ಗಂಟೆಗೆ ಬರುವ ಡಾಕ್ಟರ್, ಎಲ್ಲವೂ ಒಂದು ಗಳಿಗೆ ದೂರ ಹೋದವು.

ಆಸೆ ಅನ್ನುವುದು ಸುಮ್ಮನೆ ಬಿಡುವುದಿಲ್ಲ. ಸಿಟ್ಟಿನಲ್ಲಿದ್ದಾಗ ಅವಳು ನೆಮ್ಮದಿಯಾಗಿದ್ದಳು, ಈಗ ಪ್ರಶ್ನೆಗಳು ಶುರುವಾದವು. ಗೆದ್ದೇ ಬಿಟ್ಟರೆ ಅವನು ಬರಲೇಬೇಕಲ್ಲ? ಮನಸ್ಸಿಲ್ಲದೆ ಬಂದರೆ?

ಅರವತ್ತನೇ ನಿಮಿಷಕ್ಕೆ ಎವರ್ಟನ್ ಗೋಲು ಹೊಡೆಯಿತು. ಒಂದು-ಒಂದು.

“ಆಯ್ತು,” ಎಂದಳು ಪರದೆಗೆ. “ಇನ್ನೇನಿದೆ?”

ಆದರೂ ಏಳಲಿಲ್ಲ. ಸೀರೆಯನ್ನು ಅಲ್ಲಿಗೇ ತಂದು, ನೆರಿಗೆ ಹಿಡಿದ ಕೈಯಲ್ಲೇ ಮೌಸ್ ಒತ್ತಿದಳು. ಎಪ್ಪತ್ತು. ಎಪ್ಪತ್ತೈದು. ಎಂಬತ್ತು. ಸಮವಾದರೆ ಇನ್ನೊಂದು ಸಲ ಆಡಿಸುತ್ತಾರಂತೆ. ಅಕ್ಕ ತನಗೆ ಇನ್ನೊಂದು ಶನಿವಾರ ಕೊಡುತ್ತಾಳೆಯೇ? ಹೂವು ಎಡಕ್ಕೂ ಬೀಳದೆ ಬಲಕ್ಕೂ ಬೀಳದೆ ದೇವರ ತಲೆಯ ಮೇಲೇ ಕೂತರೆ ಏನು ಮಾಡಬೇಕು?

ಎಂಬತ್ತೇಳು... ಎಂಬತ್ತೆಂಟು...

ಪುಟ ಸಿಕ್ಕಿಕೊಂಡಿತು. ಬಿಳಿ ಪರದೆ. ಅವಳು ಮೌಸನ್ನು ಒತ್ತುತ್ತಲೇ ಇದ್ದಳು. ಬಾ... ಬಾರೋ...

ಬಂತು. ಎಂಬತ್ತೊಂಬತ್ತನೇ ನಿಮಿಷ, ತಲೆಯಿಂದ ಹೊಡೆದ ಗೋಲು. ಷ್ರೂಸ್‌ಬರಿ ಎರಡು, ಎವರ್ಟನ್ ಒಂದು!

ಕೊನೆಯ ಸೀಟಿಯ ಸಾಲು ಮೂಡುವವರೆಗೆ ಅವಳು ಉಸಿರೇ ಬಿಡಲಿಲ್ಲ. ಮೂಡಿದ ಮೇಲೆ ನೆರಿಗೆ ಕೈಜಾರಿ ಸೀರೆಯೆಲ್ಲ ನೆಲದ ಪಾಲಾಯಿತು. ಅಳುತ್ತಾ ನಗುತ್ತಾ ಇಂಟರ್ನೆಟ್ ಕಿತ್ತು ಫೋನಿನ ವಯರನ್ನು ಮತ್ತೆ ಫೋನಿಗೆ ಸಿಕ್ಕಿಸಿದಳು. ಈಗ ಮಾಡುತ್ತಾನೆ. ಈಗಲೇ ಮಾಡುತ್ತಾನೆ.

ಹನ್ನೆರಡು ಗಂಟೆ. ಫೋನು ಸುಮ್ಮನಿತ್ತು.

ಹನ್ನೆರಡೂ ಐದು. ರಿಸೀವರ್ ಎತ್ತಿ ಡಯಲ್ ಟೋನ್ ಇದೆಯೇ ಎಂದು ನೋಡಿದಳು. ಇತ್ತು. ಆ ಕ್ಷಣದಲ್ಲೇ ಅವನು ಮಾಡಿದ್ದರೆ ಎಂದು ಹೆದರಿ ತಟ್ಟನೆ ಇಟ್ಟಳು.

ಹನ್ನೆರಡೂ ಹತ್ತು. ಹನ್ನೆರಡೂ ಹದಿನೈದು.

ಹೂವು ಬಿತ್ತು. ಬಲಗಡೆಗೇ ಬಿತ್ತು. ಆದರೂ ಅವನಿಲ್ಲ. ಕೊಟ್ಟ ಮಾತು ಮೈಮೇಲೆ ಬಂತೆಂದು ಹೆದರಿ ಎಲ್ಲೋ ಕೂತಿದ್ದಾನೆ. ಸೋತಿದ್ದರಾದರೂ ಚೆನ್ನಾಗಿತ್ತು... ತಂಡ ಸೋತಿತು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು.

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. “ಇನ್ನು ಮುಕ್ಕಾಲು ಗಂಟೆಗೆ ಬರ್ತಾರೆ. ಹೇಳು ತಾಯಿ, ನಿನ್ನ ಮನಸ್ಸಲ್ಲಿ ಏನಿದೆ?”

ತನುಶ್ರೀ ಫೋನನ್ನು ಕೊನೆಯ ಸಲ ನೋಡಿದಳು. ಹೂಂ ಅಂದರೆ ಎಲ್ಲರೂ ಸುಖ. ಅಕ್ಕ, ಅಪ್ಪ, ಅಮ್ಮ. ಅಮರೇಶನಿಗೂ ಸುಖವೇ ಇರಬೇಕು.

“ಬೇಡ ಅಕ್ಕಾ.”

“ಏನಂದೆ?”

“ಪ್ರೀತಮ್ ಒಳ್ಳೆಯವರು. ನನಗೆ ಬೇಡ. ನನ್ನ ಮನಸ್ಸಲ್ಲಿ ಬೇರೆಯವರಿದಾರೆ. ಅವರ ಮನಸ್ಸಲ್ಲಿ ನಾನಿಲ್ಲ ಅನ್ಸುತ್ತೆ. ಇಲ್ದಿದ್ರೂ... ಇನ್ನೊಬ್ಬರಿಗೆ ಸುಳ್ಳು ಹೇಳಿ ಮದುವೆ ಆಗೋಕೆ ನನ್ನ ಕೈಲಾಗಲ್ಲ.”

“ಅಯ್ಯೋ, ಅವರು ಆಗಲೇ ಟರ್ನ್‌ಪೈಕ್ ಹೈವೇ ಮೇಲೆ ಬರ್ತಿದಾರೆ ಕಣೇ!”

“ನಾನೇ ಅವರ ತಾಯಿಗೆ ಕೈಮುಗಿದು ಹೇಳ್ತೀನಿ. ಬೈದ್ರೆ ಬೈಸ್ಕೋತೀನಿ.”

ಸುಧಾಮಣಿ ಬಾಯಿ ತೆರೆದಳು. ಅಷ್ಟರಲ್ಲಿ ಬೆಲ್ಲಾಯಿತು.

ಇಬ್ಬರೂ ಬೆಚ್ಚಿದರು. ಇಷ್ಟು ಬೇಗ? ತನುಶ್ರೀಯೇ ಸೀರೆಯನ್ನು ಹೇಗೋ ಸುತ್ತಿಕೊಂಡು ಹೋಗಿ ಬಾಗಿಲು ತೆಗೆದಳು.

ಅಮರೇಶ. ಜಾಕೆಟ್ಟಿಲ್ಲ, ಬೂಟೆಲ್ಲ ಕೆಸರುಹಿಮ. ಓಡಿ ಬಂದವನ ಏದುಸಿರು.

“ಅಕ್ಕಾರ,” ಎಂದ ಅವಳ ಹೆಗಲಾಚೆ ನೋಡುತ್ತಾ. “ನಾನು ಅಮರೇಶ್ವರ ಅಂತ. ಇದ ಕಾಂಪ್ಲೆಕ್ಸಿನಾಗ ಇರ್ತೀನಿ. ಸದ್ಯ ಕೆಲಸ ಇಲ್ಲ. ವೀಸಾದ್ದೂ ಖಾತ್ರಿ ಇಲ್ಲ. ನಿಮ್ಮ ಕಡಿಯಾಂವನೂ ಅಲ್ಲ. ಆದ್ರ ತನುಶ್ರೀ ಅಂದ್ರ ನನ್ನ ಜೀವರಿ. ಅವ್ರು ಆ ಡಾಕ್ಟರಿಗೆ ಇನ್ನೂ ಹೂಂ ಅಂದಿಲ್ಲಂದ್ರ, ನಾ ಅವರನ್ನ ಕೇಳಾಕ ಬಂದೀನಿ.”

ಸುಧಾಮಣಿ ಗೋಡೆ ಹಿಡಿದು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು.

ತನುಶ್ರೀ ಚೌಕಟ್ಟಿಗೆ ಕೈ ಅಡ್ಡ ಇಟ್ಟಳು. ಬಾಗಿಲಿನಿಂದ ಸರಿಯಲಿಲ್ಲ. “ಮ್ಯಾಚ್ ಏನಾಯ್ತು?”

“ಗೊತ್ತಿಲ್ಲ.”

“ಗೊತ್ತಿಲ್ವಾ?!”

“ಪಬ್ಬಿನಾಗ ಟೀವಿ ಕೆಳಗ ಸ್ಕೋರ್ ಓಡ್ತಿತ್ರಿ. ಒಂದು-ಒಂದು ಆತು. ಆಗ ನನ್ನ ಎದಿ ಧಸಕ್ ಅಂತು. ಟೀಮಿನ ಸಲುವಾಗಿ ಅಲ್ಲ... ನಿಮ್ಮ ಸಲುವಾಗಿ. ಯಾರೋ ಹನ್ನೊಂದು ಮಂದಿ ಕಾಲಾಗ ನಿಮ್ಮನ್ನ ಇಟ್ಟು ಕುಂತೀನಲ್ಲ, ಎಂಥಾ ಹೇಡಿ ನಾನು ಅನ್ನಿಸ್ತು. ಕೆಲಸ ಇಲ್ಲದಾಂವ ಯಾವ ಬಾಯಿಲೆ ಕೇಳ್ಲಿ ಅಂತ ಅಂಜಿ ಆ ಮಾತು ಅಂದಿದ್ದೆರಿ. ಅಲ್ಲಿಂದ್ಲೇ ಆರು ಸಲ ಫೋನ್ ಮಾಡ್ದೆ. ಎಂಗೇಜ್, ಎಂಗೇಜ್! ಡಾಕ್ಟರ ಮನಿಯವರ ಜೋಡಿ ಮಾತು ಮುಗಿಸಾಕ್ಹತ್ತೀರಿ ಅಂತ... ಕಾರು ಹೆಂಗ ಓಡಿಸಿದೆನೋ ಗೊತ್ತಿಲ್ಲ.”

“ನಿಮ್ಮ ಟೀಮ್ ಸೋತಿದ್ರೆ?”

“ಸೋತಿರ್ತದರಿ. ಅದು ಯಾವಾಗ ಗೆದ್ದೈತಿ? ಸೋತ್ರೂ ಕೇಳ್ತೀನಿ ಅನ್ನಾಕ ಬಂದೀನಿ.”

ತಡೆದಿದ್ದ ಕಣ್ಣೀರು ಈಗ ಅವಳ ಮಾತು ಕೇಳಲಿಲ್ಲ.

“ಎಂಬತ್ತೊಂಬತ್ತನೇ ನಿಮಿಷಕ್ಕೆ ಇನ್ನೊಂದು ಗೋಲಾಯ್ತು,” ಎಂದಳು. “ಗೆದ್ರು ಅಮರೇಶ್. ಎರಡು-ಒಂದು. ಫೋನ್ ಎಂಗೇಜ್ ಇದ್ದಿದ್ದು ಅದಕ್ಕೇ. ಬೆಳಿಗ್ಗೆಯಿಂದ ಇಂಟರ್ನೆಟ್ಟಲ್ಲಿ ನಿಮ್ಮ ಮ್ಯಾಚೇ ನೋಡ್ತಿದ್ದೆ.”

ಅವನು ಮಿಕಮಿಕ ನೋಡಿದ. ನಗು ಬಂತು, ಅದರ ಹಿಂದೆಯೇ ಕಣ್ಣು ತುಂಬಿತು. ಹೊರಗಿನ ಮೆಟ್ಟಿಲ ಮೇಲೆ ಧೊಪ್ಪನೆ ಕೂತ.

“ಗೆದ್ರಾ?! ಮತ್ತ ನನ್ನ ಬಾಗಿಲಾಗ ನಿಂದರ್ಸಿ ಅಷ್ಟೆಲ್ಲ ಯಾಕ ಕೇಳಿದ್ರಿ? ಮೊದ್ಲ ಹೇಳಬಾರದಿತ್ತೇನು?”

“ಮೊದಲೇ ಹೇಳಿದ್ರೆ, ನೀವು ಬಂದಿದ್ದು ನನಗೋಸ್ಕರಾನೇ ಅಂತ ನನಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ.”

ಒಳಗೆ ಸುಧಾಮಣಿ ಮೂಗು ಸೀಟುವ ಸದ್ದು ಕೇಳಿಸಿತು. ಅದು ಸಿಟ್ಟೋ ಸಂತೋಷವೋ, ಅವಳಿಗೇ ಇನ್ನೂ ತೀರ್ಮಾನವಾಗಿರಲಿಲ್ಲ.

ಅಮರೇಶ ತಲೆ ತಗ್ಗಿಸಿದ. “ತನೂ... ಪ್ರಾಜೆಕ್ಟ್ ಸಿಗದಿದ್ರ? ನನ್ನ ವಾಪಸ್ ಕಳಿಸಿದ್ರ ಏನ್ ಮಾಡೂಣು?”

ಅವಳು ಅರ್ಧ ಉಟ್ಟ ಸೀರೆಯನ್ನು ಒಟ್ಟುಮಾಡಿಕೊಂಡು ಅವನ ಪಕ್ಕದ ತಣ್ಣನೆಯ ಮೆಟ್ಟಿಲಿನ ಮೇಲೆ ಕೂತಳು.

“ನನ್ನ ಎಚ್-ಒನ್ ಇನ್ನೂ ಎರಡೂವರೆ ವರ್ಷ ಇದೆ. ಮದುವೆ ಆಗಿ ನಿಮ್ಮನ್ನ ನನ್ನ ಡಿಪೆಂಡೆಂಟ್ ಮಾಡಿ ಎಚ್-ಫೋರ್ ವೀಸಾ ಮೇಲೆ ಮನೇಲಿ ಇಟ್ಕೋತೀನಿ.”

“ಗಂಡಸರು... ಎಚ್-ಫೋರ್ ಮ್ಯಾಲೆ?”

“ಯಾಕೆ, ಆಗಲ್ವಾ?”

ಅವನು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

“ರೊಟ್ಟಿ ಬಡಿಯಾಕ ಬರ್ತದ್ರಿ ನನಗ.”

“ಹಾಗಾದ್ರೆ ಒಳಗೆ ಬನ್ನಿ,” ಎಂದು ತನುಶ್ರೀ ಅವನ ಕೈ ಹಿಡಿದಳು.