ಗಂಟೆಗೆ ಅರ್ಧ ಲೀಟರ್

"ನನ್ನ ಗಂಡ ತಾನ ಕದ್ದೀನಿ ಅಂತ ಒಪ್ಪಿಕೊಂಡಾನ್ರಿ. ಆದರ ಅಂವ ಕದ್ದಿಲ್ರಿ," ಎಂದಳು ಅಮೃತಮ್ಮ.

ಹಲಸೂರಿನ ನಮ್ಮ ವಠಾರಕ್ಕೆ ಇಂಥ ಮಾತು ಹೊಸದು. ನನ್ನ ಹೆಸರು ಮುತ್ತಣ್ಣ, ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆ ಅಳೆದು ಮುದುಕನಾದವನು. ಪಕ್ಕದ ಮನೆಯ ಅಂಜನಮೂರ್ತಿ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ನಿವೃತ್ತನಾದವನು. ಒಡವೆ ಹೋಯಿತು, ಹಸು ಹೋಯಿತು ಎಂದು ಜನ ಅವನ ಬಾಗಿಲಿಗೆ ಬರುತ್ತಿದ್ದರು. ನಾನು ಕಾಫಿಗೆಂದು ಹೋಗಿ ಅವನ ಜೊತೆ ಅಲೆಯುವಂತಾಗುತ್ತಿತ್ತು.

ಕೆ.ಆರ್. ಪುರದ ತೂಗುಸೇತುವೆ ಇನ್ನೂ ಅರ್ಧಕ್ಕೆ ನಿಂತಿದ್ದ ವರ್ಷ ಅದು. ಅದರಾಚೆ ರಾಮಯ್ಯನೆಂಬುವನ ಶೆಡ್ಡಿನಲ್ಲಿ ಡೀಸೆಲ್ ಎಂಜಿನ್‌ಗಳನ್ನು ಹಗಲೂ ರಾತ್ರಿ ಓಡಿಸಿ ಪರೀಕ್ಷಿಸುತ್ತಿದ್ದರು. ಎಂಜಿನ್ ನೋಡಿಕೊಳ್ಳುವವನು ಅಮೃತಮ್ಮನ ಗಂಡ ಮಾನಪ್ಪ, ಯಾದಗಿರಿ ಕಡೆಯವನು. ಕಾವಲಿಗೆ ಅವಳ ತಮ್ಮ ಭೀಮು. ಮೂವರಿಗೂ ಸೇರಿ ಒಂದು ಬಾಡಿಗೆ ಕೋಣೆ. ಟ್ಯಾಂಕಿನಿಂದ ಡೀಸೆಲ್ ಕಳುವಾಗುತ್ತಿದೆ ಎಂದು ರಾಮಯ್ಯ ದೂರು ಕೊಟ್ಟಾಗ ಮಾನಪ್ಪ ತಾನಾಗಿಯೇ ಪೊಲೀಸರ ಮುಂದೆ ತಪ್ಪೊಪ್ಪಿಕೊಂಡಿದ್ದ. ಮರುದಿನ ಅವನನ್ನು ಕೋರ್ಟಿಗೆ ಒಯ್ಯುವವರಿದ್ದರು.

"ಮನೆಗೇನಾದ್ರೂ ಡೀಸೆಲ್ ತರ್ತಿದ್ನೇನಮ್ಮಾ?" ಅಂಜನಮೂರ್ತಿ ಕೇಳಿದ.

"ಒಂದು ಹನಿ ಇಲ್ರಿ. ಈಗೀಗ ಅಂವನ ಅಂಗಿ ಒಗಿಯಾಗ ಸೀಮೆಎಣ್ಣಿ ನಾರತದ. ನಮ್ಮ ರೇಷನ್ ಕಾರ್ಡ ಊರಾಗ ಐತ್ರಿ, ಮನ್ಯಾಗ ಸೀಮೆಎಣ್ಣಿನ ಇಲ್ಲ."

ನಾನು ಹೂಂಗುಟ್ಟಿ ಅದನ್ನು ಅಲ್ಲೇ ಮರೆತೆ. ಅಂಜನಮೂರ್ತಿ ಮರೆಯಲಿಲ್ಲ.

ಶೆಡ್ಡಿನಲ್ಲಿ ರಾಮಯ್ಯ ಲೆಕ್ಕ ಒಪ್ಪಿಸಿದ. "ಎಂಜಿನ್‌ಗೆ ಹೋಗೋ ಡೀಸೆಲ್ ಈ ತಕ್ಕಡಿ ಮೇಲಿನ ಡಬ್ಬದಿಂದ ಹೋಗುತ್ತೆ ಸಾರ್. ಗಂಟೆಗೆ ಹತ್ತು ಕೆ.ಜಿ. ನಮ್ಮ ಡೀಸೆಲ್ ಲೀಟರ್‌ಗೆ 0.84 ಕೆ.ಜಿ. ತೂಗುತ್ತೆ. ಹತ್ತನ್ನ 0.84ರಿಂದ ಭಾಗಿಸಿದ್ರೆ ಹನ್ನೆರಡು ಲೀಟರ್‌ಗೆ ಚೂರು ಕಮ್ಮಿ. ಆದ್ರೆ ದೊಡ್ಡ ಟ್ಯಾಂಕಲ್ಲಿ ಗಂಟೆಗೆ ಹನ್ನೆರಡೂವರೆ ಇಳೀತಿದೆ. ಆ ಅರ್ಧ ಲೀಟರ್ ಎಲ್ಲೋಯ್ತು?"

ನನಗೆ ತಲೆಬುಡ ತಿಳಿಯಲಿಲ್ಲ. ಅಂಜನಮೂರ್ತಿ ನನ್ನ ಮುಖ ನೋಡಿ, "ಒಂದು ಲೀಟರ್ ಕಡಲೆಕಾಯಿ ಎಣ್ಣೆ ತಂದು ತೂಗು ಮಾರಾಯ. ಒಂದು ಕೆ.ಜಿ. ಬರಲ್ಲ. ಎಣ್ಣೆ ಹಗುರ ಆದಷ್ಟೂ ಕೆ.ಜಿ.ಗೆ ಲೀಟರ್ ಜಾಸ್ತಿ," ಎಂದು ರಾಮಯ್ಯನ ಕಡೆ ತಿರುಗಿದ. "ಎಂಜಿನ್ ನಿಂತಿದ್ದಾಗ ಎಷ್ಟು ಹೋಗುತ್ತೆ?"

"ಭಾನುವಾರ ನಿಲ್ಲಿಸ್ತೀವಿ. ಆವತ್ತು ಟ್ಯಾಂಕ್ ಇಳಿಯಲ್ಲ."

"ಈ 0.84 ಯಾರು ಹೇಳಿದ್ದು?"

"ಪ್ರತಿ ಲೋಡಿಗೂ ಒಂದು ಸ್ಯಾಂಪಲ್ ಬಾಟ್ಲಿ ತೆಗೆದಿಡೋದು ನಮ್ಮ ಪದ್ಧತಿ. ಬಂಕಿಂದ ಲೋಡ್ ತರೋ ಸ್ಟೋರಿನ ಮುತ್ತುರಾಜ್ ತುಂಬಿ ಕೊಡ್ತಾನೆ, ನಾನೇ ಅಳೀತೀನಿ."

ಮುತ್ತುರಾಜ್ ನಮಗೆ ಟೀ ತರಿಸಿದ. ಕೇಳದೆ ಟೀ ತರಿಸುವವರು ಕಡಿಮೆ, ಹಾಗಾಗಿ ನನಗೆ ಅವನು ಹಿಡಿಸಿದ. "ಟ್ಯಾಂಕಿನ ಕೆಳಗಿನ ನಲ್ಲಿ ತಿರುಗಿಸ್ಬೇಕಂದ್ರೆ ಶೆಡ್ಡಿನ ಕೀಲಿ ಬೇಕು ಸಾರ್. ಅದಿರೋದು ಮಾನಪ್ಪ, ಭೀಮು ಹತ್ರ. ನಂದೇನಿದ್ರೂ ಮೇಲಿನ ಮುಚ್ಚಳದ ಬೀಗ. ಲೋಡ್ ಬಂದಾಗ ನಾನೊಬ್ನೇ ತೆಗೆಯೋದು," ಎಂದು ಸೊಂಟದ ಕೀಲಿ ಗೊಂಚಲು ಅಲ್ಲಾಡಿಸಿದ. ಭೀಮು ಗೋಡೆಗೊರಗಿ ನೆಲ ನೋಡುತ್ತಿದ್ದ. ಇವನೇ ಕಳ್ಳ ಎಂದು ನಾನು ತೀರ್ಮಾನಿಸಿಬಿಟ್ಟೆ.

ಅಲ್ಲಿಂದ ಸ್ಟೇಷನ್ನಿಗೆ ಹೋದೆವು. ಲಾಕಪ್ಪಿನ ಕಂಬಿಯ ಹಿಂದೆ ಮಾನಪ್ಪ ಮೊಣಕಾಲು ಕಟ್ಟಿಕೊಂಡು ಕುಳಿತಿದ್ದ.

"ಯಾರಿಗೆ ಮಾರ್ದೆ?" ಅಂಜನಮೂರ್ತಿ ಕೇಳಿದ.

ಮಾನಪ್ಪ ಗೋಡೆಯ ಕಡೆ ತಿರುಗಿದ.

"ಯಾವಾಗ ಕದ್ದೆ?"

"ಐತ್ವಾರರಿ. ಯಾರೂ ಇರಂಗಿಲ್ಲಲ್ರಿ."

ಹೊರಗೆ ಬಂದ ಮೇಲೆ ಅಂಜನಮೂರ್ತಿ, "ಪಾಪ, ನೆಟ್ಟಗೆ ಸುಳ್ಳು ಹೇಳೋಕೂ ಬರಲ್ಲ," ಎಂದ. ಮರುದಿನ ಮಾನಪ್ಪನನ್ನು ಒಮ್ಮೆ ಶೆಡ್ಡಿಗೆ ಕರೆತರುವಂತೆ ಇನ್ಸ್‌ಪೆಕ್ಟರನ್ನು ಕೇಳಲು ಮತ್ತೆ ಒಳಗೆ ಹೋದ.

ಮರುದಿನ ಬೆಳಿಗ್ಗೆ ಎಲ್ಲರೂ ಶೆಡ್ಡಿನಲ್ಲಿ ಸೇರಿದರು. ಕೋರ್ಟಿಗೆ ಹೊರಟಿದ್ದ ಜೀಪನ್ನು ಇನ್ಸ್‌ಪೆಕ್ಟರ್ ದಾರಿಯಲ್ಲಿ ನಿಲ್ಲಿಸಿ ಮಾನಪ್ಪನನ್ನು ಕರೆತಂದಿದ್ದ. ಎಂಜಿನ್ ನಿಂತಿತ್ತು. ಅಂಜನಮೂರ್ತಿ ಎರಡು ಉದ್ದನೆಯ ಗಾಜಿನ ಜಾಡಿಗಳನ್ನಿಟ್ಟು ಒಂದಕ್ಕೆ ಸ್ಯಾಂಪಲ್ ಬಾಟಲಿಯ ಡೀಸೆಲ್, ಇನ್ನೊಂದಕ್ಕೆ ಟ್ಯಾಂಕಿನದು ಸುರಿದ. ಪೆಟ್ರೋಲ್ ಬಂಕಿನಲ್ಲಿ ಸಾಂದ್ರತೆ ನೋಡಲು ಗಾಜಿನ ಕೊಳವೆ ತೇಲಿಬಿಡುತ್ತಾರಲ್ಲ, ಅದನ್ನು ಬಾಟಲಿಯದರಲ್ಲಿ ಬಿಟ್ಟಾಗ 0.84ಕ್ಕೆ ನಿಂತಿತು. ಟ್ಯಾಂಕಿನದರಲ್ಲಿ ಇನ್ನೂ ಆಳಕ್ಕಿಳಿದು 0.80ಕ್ಕೆ ನಿಂತಿತು.

"ರಾಮಯ್ಯನವ್ರೇ, ನಿಮ್ಮ ತಕ್ಕಡಿ ಸರಿ. ಟ್ಯಾಂಕಿನ ಅಳತೆನೂ ಸರಿ. ಕೆ.ಜಿ.ಯಿಂದ ಲೀಟರ್‌ಗೆ ಹೋಗೋ ದಾರೀಲಿ ಹಾಕಿದ ಸಾಂದ್ರತೆ ತಪ್ಪು. ಹತ್ತನ್ನ 0.80ರಿಂದ ಭಾಗಿಸಿ."

ರಾಮಯ್ಯ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದ. ಹನ್ನೆರಡೂವರೆ.

"ಹಂಗಾದ್ರೆ ಕಳುವೇ ಆಗಿಲ್ಲ," ಎಂದ ಅವನು, ತನಗೇ ಹೇಳಿಕೊಳ್ಳುವಂತೆ.

"ಟ್ಯಾಂಕಿಂದ ಒಂದು ಹನಿನೂ ಹೋಗಿಲ್ಲ. ಕಳ್ಳ ಕೆಳಗಿನ ನಲ್ಲೀಲಿ ಕದ್ದಿದ್ರೆ ಭಾನುವಾರ ಬಿಡ್ತಿದ್ನಾ? ಎಂಜಿನ್ ಓಡಿದಾಗ ಮಾತ್ರ, ಅದೂ ಗಂಟೆಗಿಷ್ಟೇ ಅಂತ ಕದಿಯೋನು ಯಾವ ಕಳ್ಳ? ಮಾನಪ್ಪ ಭಾನುವಾರ ಕದ್ದೆ ಅಂದಾಗ್ಲೇ ಅವನಿಗೆ ಏನೂ ಗೊತ್ತಿಲ್ಲ ಅನ್ನೋದು ಗೊತ್ತಾಯ್ತು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಸೀಮೆಎಣ್ಣೆ ಇದೆ. ಅದು ಹಗುರ. ಅಂಗಿ ಒಗೆಯೋವಾಗ ಈಯಮ್ಮನ ಮೂಗಿಗೆ ಸಿಕ್ಕಿದ್ದು ಅದೇ."

"ಬಂಕ್‌ನೋರು ಮೋಸ ಮಾಡಿರ್ಬೇಕು," ಎಂದ ಮುತ್ತುರಾಜ್.

"ಅವರು ಮಾಡಿದ್ರೆ ಬಾಟ್ಲೀಲೂ ಸೀಮೆಎಣ್ಣೆ ಇರ್ಬೇಕಿತ್ತು. ಬಾಟ್ಲಿ ಮಾತ್ರ ಒಳ್ಳೇದು. ಅದನ್ನ ತುಂಬೋನು ನೀನು. ಆಮೇಲೆ ಯಾರೋ ಬೆರೆಸಿದ್ರು ಅನ್ನೋಣ ಅಂದ್ರೆ, ಮೇಲಿನ ಬೀಗದ ಕೈ ನಿನ್ನ ಸೊಂಟದಲ್ಲೇ ಇದೆ."

ಮುತ್ತುರಾಜನ ಕೈ ಗೊಂಚಲಿನ ಮೇಲೆ ಹೋಗಿ ಅಲ್ಲೇ ನಿಂತಿತು. ಇನ್ಸ್‌ಪೆಕ್ಟರ್ ಎರಡನೇ ಸಲ ಕೇಳುವಷ್ಟರಲ್ಲಿ, ಒಳ್ಳೆಯ ಡೀಸೆಲನ್ನು ದಾರಿಯಲ್ಲೇ ಮಾರಿ ಸೀಮೆಎಣ್ಣೆ ಬೆರೆಸುತ್ತಿದ್ದೆನೆಂದು ಬಾಯಿಬಿಟ್ಟ. ನಾನು ಕುಡಿದ ಟೀ ನೆನೆದು ನನಗೇ ಹೇಸಿಗೆಯಾಯಿತು.

ಮಾನಪ್ಪನ ಕೈಕೋಳ ಬಿಚ್ಚಿದರು. ಅಮೃತಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಮತ್ಯಾಕಯ್ಯ ಒಪ್ಕೊಂಡೆ?" ಎಂದು ರಾಮಯ್ಯ ಕೇಳಿದ. ಕೇಳಬಾರದಿತ್ತು.

"ಸಾಹೇಬ್ರ ಲೆಕ್ಕ ತಪ್ಪಂಗಿಲ್ಲ ಅಂತ ತಿಳಿದಿದ್ದೆರಿ. ಕೀಲಿ ಇದ್ದದ್ದು ಇಬ್ಬರ ಕೈಯಾಗ. ನಾ ಕದ್ದಿಲ್ಲ ಅಂದ ಮ್ಯಾಲ..." ಮಾನಪ್ಪ ಅಲ್ಲಿಗೇ ನಿಲ್ಲಿಸಿದ.

ಭೀಮು ಗೋಡೆ ಬಿಟ್ಟು ಮುಂದೆ ಬಂದ. ಅವನ ದನಿಯನ್ನು ನಾನು ಕೇಳಿದ್ದು ಆಗಲೇ.

"ನಾ ಕಳ್ಳ ಅಂತ ತಿಳಕೊಂಡಿ ಏನ್ ಮಾವ?"

"ನಿನಗ ಇನ್ನಾ ಲಗ್ನ ಆಗಬೇಕು. ಅದಕ್ಕ ನಾನ ಹೋದ್ರಾತು ಅಂತ..."

"ಒಂದು ಮಾತು ಕೇಳಬೇಕಿತ್ತಿಲ್ಲೋ. ನನ್ನ ಕೇಳಬೇಕಿತ್ತು."

ಭೀಮು ಶೆಡ್ಡಿನ ಕೀಲಿಯನ್ನು ಡ್ರಮ್ಮಿನ ಮೇಲಿಟ್ಟು ಹೊರನಡೆದ. ಅಕ್ಕ ಕರೆದರೂ ತಿರುಗಲಿಲ್ಲ. ಪತ್ತೆ ಮುಗಿದ ಮೇಲೆ ಅಂಜನಮೂರ್ತಿ ಕೊಂಚ ಬೀಗುವುದುಂಟು. ಅಂದು ಮಾತ್ರ ಗಾಜಿನ ಕೊಳವೆಯನ್ನು ಒರೆಸಿ ಪೆಟ್ಟಿಗೆಗೆ ಹಾಕಿದ.

"ನಡೀರಿ, ಮನಿಗೆ ಹೋಗೂಣು," ಎಂದಳು ಅಮೃತಮ್ಮ.

ಮಾನಪ್ಪ ಕದಲಲಿಲ್ಲ. "ಮೊದಲ ನೀ ಹೋಗು," ಎಂದ. "ಖೋಲ್ಯಾಗ ಅವನ ಹಾಸಿಗಿ ಐತೇನು, ನೋಡಿ ಬಾ."