ಗುಂಡಮ್ಮನ ಮೂಗು, ಅಕ್ಕನ ಡಬ್ಬಿ

“ಆ ಡಬ್ಬಿ ಬಾಯಿ ಮುಚ್ಚಸು, ಸಾರಿಕಾ. ತಲಿ ತಿನ್ಲಾಕತ್ತದ,” ಎಂದಳು ಅಜ್ಜಿ ಗುಂಡಮ್ಮ. ಮೊಮ್ಮಕ್ಕಳಿಗೆ ಅವಳು ಆಯಿ.

ಬೆಂಕಿಪೆಟ್ಟಿಗೆಯಷ್ಟಿದ್ದ ಡಬ್ಬಿ ಕೀ ಕೀ ಎನ್ನುತ್ತಲೇ ಇತ್ತು. ಉದಗೀರದ ಕಾಲೇಜಿನಲ್ಲಿ ಓದುವ ಸಾರಿಕಾ ಅದನ್ನು ತೊಗರಿ ಚೀಲಗಳ ಕೋಣೆಯಲ್ಲಿಟ್ಟು ನೋಡುತ್ತಿದ್ದಳು. ಅಂಗಳಕ್ಕೆ ತಂದರೆ ಸುಮ್ಮನಾಗುತ್ತಿತ್ತು. ಒಳಗೆ ಒಯ್ದರೆ ಮತ್ತೆ ಶುರು.

“ಯಾಕಕ್ಕಾ ಹಿಂಗ ಮಾಡ್ತದ?” ಐದನೆಯ ಇಯತ್ತೆಯಲ್ಲಿ ಓದುವ ತಂಗಿ ಶೀತಲ ಕೇಳಿದಳು.

“ನಮ್ಮ ಕಾಲೇಜಿನಾಗ ಮಾಡಿದ್ದಿದು. ಇದರಾಗ ಕಣ್ಣಿಗಿ ಕಾಣಲಾರದಷ್ಟು ಸಣ್ಣ ಕಣಗಳ ಪುಡಿ ಹಚ್ಚೀವಿ. ನ್ಯಾನೋ ಅಂತಾರ. ವಿಷದ ಗ್ಯಾಸ್ ತಾಕಿದ್ರ ಅದಕ್ಕ ತಿಳೀತದ. ಹುಳ ಆಗಬಾರ್ದಂತ ಅಪ್ಪ ಚೀಲದಾಗ ಗುಳಿಗಿ ಹಾಕ್ಯಾನಲ್ಲ, ಅದರ ಗ್ಯಾಸ್. ಆಯಿ ಅಲ್ಲೇ ಮಲಗ್ತಾಳ. ಜೀವಕ್ಕ ಧೋಕಾ ಅದ.”

ಶೀತಲ ಆಯಿಯತ್ತ ತಿರುಗಿದಳು.

“ವಾಸನಿ ಬಂದಿದ್ರ ನನಗ ಗೊತ್ತಾಗ್ತಿರಲಿಲ್ಲೇನು?” ಆಯಿ ಮುಖ ತಿರುಗಿಸಿದಳು. “ಕುರಿಗಿ ಬ್ಯಾನಿ ಬಂದದ್ದು ಈ ಮೂಗಿನಿಂದ ಹಿಡದಾಕಿ ನಾ.”

ಅದೇನೂ ಸುಳ್ಳಲ್ಲ. ಊರಿನ ಕುರಿಗಾರರೆಲ್ಲ ಆ ಮೂಗನ್ನು ನಂಬಿದ್ದರು. ಅಪ್ಪ ಮಾಣಿಕಪ್ಪನೂ, “ಅವ್ವಗ ವಾಸನಿ ಬಂದಿಲ್ಲಂದ್ರ ಏನೂ ಇಲ್ಲ ಬಿಡು,” ಎಂದು ಕುರಿಗಳಿಗೆ ಮೇವು ಹಾಕಲು ಹೋದ.

ಶೀತಲಳಿಗೆ ಮೊನ್ನೆಯ ಹಾಲು ನೆನಪಾಯಿತು. ಆಯಿ ಒಲೆಗೆ ಬೆನ್ನು ಮಾಡಿ ಕೂತಿದ್ದಳು. ಹಾಲು ತಳ ಹತ್ತಿ ಮನೆಯೆಲ್ಲ ಸೀದ ನಾತ ಹೊಡೆದರೂ ಅವಳು ಎದ್ದಿರಲಿಲ್ಲ.

ಶೀತಲ ಬೆಳ್ಳುಳ್ಳಿ ಎಸಳು ಜಜ್ಜಿ ಮುಷ್ಟಿಯಲ್ಲಿ ಹಿಡಿದು ಬಂದಳು. ಇದು ಅವರಿಬ್ಬರ ಹಳೆಯ ಆಟ.

“ಆಯಿ, ಕಣ್ಣು ಮುಚ್ಚು. ಕೈಯಾಗ ಏನದ?”

ಆಯಿ ಮುಷ್ಟಿಯನ್ನು ಮೂಗಿಗೆ ಹಿಡಿದುಕೊಂಡಳು. ಬಹಳ ಹೊತ್ತು ಉಸಿರೆಳೆದಳು.

“ಬೆಲ್ಲ,” ಎಂದಳು.

ಶೀತಲ ಮುಷ್ಟಿ ಬಿಡಿಸಿಕೊಂಡು ಬೆನ್ನ ಹಿಂದೆ ಒಯ್ದಳು.

“ಬರೋಬರಿ ಹೇಳಿದಿ, ಆಯಿ.”

ಆಯಿ ಕಣ್ಣು ತೆರೆದು ಅವಳನ್ನೇ ನೋಡಿದಳು.

“ಆ ಡಬ್ಬಿ ಚೀರಿದ್ರ ನನಗ ಭಾಳ ಅಂಜಿಕಿ ಆಗ್ತದ,” ಎಂದಳು ಶೀತಲ. “ಚೀಲ ಹೊರಗ ಹಾಕ್ಸು. ಇವತ್ತ ಪಡಸಾಲ್ಯಾಗ ನನ್ನ ಬಾಜೂ ಮಲಗು.”

ಆಯಿ ಹೊರಗಿದ್ದ ಮಗನನ್ನು ಕೂಗಿದಳು. “ಮಾಣಿಕಾ, ಚೀಲ ಹೊಲದ ಶೆಡ್ಡಿಗಿ ಒಯ್ಯಿ. ಹುಡುಗಿ ಅಂಜ್ಯಾಳ.”

“ಮೊದಲ ಬಾಗಲಾ, ಕಿಡಕಿ ತೆಗಿಯೂಣು. ಗಾಳಿ ಆಡ್ಲಿ,” ಎಂದಳು ಸಾರಿಕಾ.

ಅಪ್ಪ ಕೈ ಝಾಡಿಸಿಕೊಳ್ಳುತ್ತ ಮನೆಯತ್ತ ಬಂದ. ಅವನು ಹತ್ತಿರ ಬರುವ ಮೊದಲೇ ಶೀತಲ ಹಿತ್ತಲಿಗೆ ಓಡಿ, ಕೈಗೆ ಬೂದಿ ಹಚ್ಚಿ ಗಸಗಸ ತಿಕ್ಕಿದಳು. ಅಪ್ಪನಿಗೆ ಬೆಳ್ಳುಳ್ಳಿ ವಾಸನೆ ಗೊತ್ತಾದರೆ ಆಯಿಯ ‘ಬೆಲ್ಲ’ ಬಯಲಾಗುತ್ತಿತ್ತು.